ಕೆಸರಿನ ಮೇಲೆ ಹಳದಿ

ಸಮುದ್ರಕ್ಕೆ ಬಣ್ಣ ಹಚ್ಚುವುದೇ ಕಸುಬಾಗಿದ್ದ ಹೆಂಗಸೊಬ್ಬಳ ಕತೆ ಇದು. ನಗು ಬಂದರೆ ನಗಿ, ಅವಳೂ ನಗುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಗಂಡ, "ಸಮುದ್ರಕ್ಕೆ ಮೊದಲೇ ಬಣ್ಣ ಇದೆಯಲ್ಲ, ನೀನ್ಯಾಕೆ ಹಚ್ಬೇಕು?" ಎಂದು ಕೇಳಿದ್ದಕ್ಕೆ, "ದೇವರು ಹಚ್ಚಿದ್ದು ಒಂದೇ ಕೋಟು, ಸರ್ಕಾರಕ್ಕೆ ಸಾಕಾಗ್ಲಿಲ್ಲ" ಎಂದಿದ್ದಳಂತೆ. ಆ ಗಂಡ ಮನೆಮನೆಗೆ ಹೋಗಿ ವಿದ್ಯುತ್ ಮೀಟರ್ ಓದುವವನು. ಮಾತಿಗೆ ಮಾತು ಜೋಡಿಸುವುದು ಅವನಿಗೆ ಬರುವುದಿಲ್ಲ, ಆದರೆ ಒಳ್ಳೆಯ ಮಾತೊಂದು ಕಿವಿಗೆ ಬಿದ್ದರೆ ಹೋದ ಮನೆಯಲ್ಲೆಲ್ಲ ಹೇಳಿಕೊಂಡು ಬರುತ್ತಾನೆ. ಹಾಗಾಗಿ ಊರಿಗೆಲ್ಲ ಅವಳು ಬಣ್ಣದಕ್ಕ ಆದಳು. ಕಚೇರಿಯಲ್ಲಿ ಅವಳಿಗಿಂತ ವಯಸ್ಸಿನಲ್ಲಿ ದೊಡ್ಡವರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು.

ಸಮುದ್ರದ ನಕ್ಷೆ ತಯಾರಿಸುವ ಆ ಸರ್ಕಾರಿ ಕಚೇರಿ ಇದ್ದದ್ದು ಬಂದರಿನ ಪಕ್ಕದ ಹಳೆಯ ಸುಂಕದ ಕಟ್ಟಡದ ಮೇಲಂತಸ್ತಿನಲ್ಲಿ. ಮರದ ಮೆಟ್ಟಿಲು, ಯಾರು ಹತ್ತಿದರೂ ಅವರ ತೂಕವನ್ನು ಕಟ್ಟಡಕ್ಕೆಲ್ಲ ಸಾರಿ ಹೇಳುತ್ತಿತ್ತು. ಒಳಗೆ ಗೋಡೆಯಿಂದ ಗೋಡೆಗೆ ಉದ್ದನೆಯ ಮೇಜು. ನಕ್ಷೆ ಬಿಡಿಸುವ ಕೆಲಸವನ್ನು ಕಂಪ್ಯೂಟರ್ ಕಸಿದುಕೊಂಡು ಬಹಳ ವರ್ಷವಾಗಿತ್ತು, ಬಣ್ಣದಕ್ಕನೂ ಅದನ್ನು ಕಲಿತು ಅದರಲ್ಲೇ ಮಾಡುತ್ತಿದ್ದಳು. ಆದರೂ ಜನರ ಹತ್ತಿರ ಹೋಗಿ ಕೇಳಿಕೊಂಡು ಬರಬೇಕಾದಾಗ ಕಾಗದ ಮತ್ತು ಪೆನ್ಸಿಲ್ ಬೇಕೇ ಬೇಕು. ಪರದೆಯ ಮುಂದೆ ಕೂರಿಸಿದರೆ ಜನ ಡಾಕ್ಟರ ಮುಂದೆ ಕೂತವರ ಹಾಗೆ ಕೈ ಮಡಚಿಕೊಳ್ಳುತ್ತಾರೆ. ಅದೇ ಕಾಗದ ಹಾಸಿ ನೋಡಿ, ಬೆರಳು ತಾನಾಗಿಯೇ ಮುಂದೆ ಬರುತ್ತದೆ. ಅದಕ್ಕೆಂದು ಅವಳ ಹತ್ತಿರ ಒಂದು ಡಬ್ಬಿ ತುಂಬ ಬಣ್ಣದ ಪೆನ್ಸಿಲ್ ಇದ್ದವು. ಅವನ್ನು ಬ್ಲೇಡಿನಿಂದ ಅವಳೇ ಹೆರೆಯಬೇಕು, ಬೇರೆಯವರು ಹೆರೆದರೆ ಅವತ್ತಿಡೀ ಮುಖ ಊದಿಸಿಕೊಂಡಿರುತ್ತಿದ್ದಳು.

ಆ ವರ್ಷ ಕಚೇರಿಯ ತಲೆಯ ಮೇಲೆ ದೊಡ್ಡ ಕೆಲಸವೊಂದು ಬಂದು ಬಿದ್ದಿತ್ತು. ದೇಶದ ಸಮುದ್ರ ಮತ್ತು ಕರಾವಳಿ ಜಾಗದ ಬಳಕೆಗೆ ರಾಷ್ಟ್ರೀಯ ಕಾರ್ಯನೀತಿ ರೂಪಿಸುವುದು. ಹೆಸರು ಓದಿ ಮುಗಿಸುವಷ್ಟರಲ್ಲಿ ಚಹಾ ಆರಿಹೋಗುತ್ತದೆ, ಒಪ್ಪಿದೆ. ವಿಷಯ ಮಾತ್ರ ಸರಳ. ಮನೆ ಕಟ್ಟುವ ಮುಂಚೆ ಅಡುಗೆಮನೆ ಎಲ್ಲಿ, ಬಚ್ಚಲು ಎಲ್ಲಿ ಎಂದು ಗೆರೆ ಎಳೆದುಕೊಳ್ಳುತ್ತೇವಲ್ಲ, ಅದನ್ನೇ ಸಮುದ್ರಕ್ಕೂ ಮಾಡುವುದು. ಅಷ್ಟು ದೊಡ್ಡ ನೀರಿನಲ್ಲಿ ಜಾಗಕ್ಕೇನು ಬರ ಎಂದು ಅಲ್ಲಿಯವರೆಗೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಈಗ ನೋಡಿದರೆ ಹಡಗಿಗೆ ದಾರಿ ಬೇಕು, ಕೇಬಲ್ಲಿಗೆ ತಳ ಬೇಕು, ಮರಳು ಎತ್ತುವವರಿಗೆ ಮರಳು ಬೇಕು, ಗಾಳಿಯಿಂದ ವಿದ್ಯುತ್ ತೆಗೆಯುವವರಿಗೆ ಕಂಬ ನೆಡಲು ಜಾಗ ಬೇಕು, ಮೀನು ಮೊಟ್ಟೆ ಇಡುವ ಕಡೆ ಯಾರೂ ಗಲಾಟೆ ಮಾಡಕೂಡದು. ಎಲ್ಲರೂ ತಮ್ಮ ತಮ್ಮ ಪಾಡಿಗೆ ಬೇಕಾದ್ದು ಮಾಡಿಕೊಂಡು, ಕೊನೆಗೆ ಒಬ್ಬರ ಕಾಲನ್ನು ಒಬ್ಬರು ತುಳಿಯತೊಡಗಿದ್ದರು. ಎಲ್ಲರನ್ನೂ ಕೇಳಿ, ಎಲ್ಲವನ್ನೂ ಒಂದೇ ಹಾಳೆಯ ಮೇಲೆ ಹಾಕಿ, ಯಾರಿಗೆ ಎಲ್ಲಿ ಎಂದು ತೀರ್ಮಾನಿಸಬೇಕು. ಹಡಗಿಗೆ ನೇರಳೆ, ಕೇಬಲ್ಲಿಗೆ ಕಪ್ಪು ಗೆರೆ, ಗಾಳಿಕಂಬಕ್ಕೆ ಕೆಂಪು, ಮೀನುಗಾರಿಕೆಗೆ ಹಳದಿ. ಈ ಬಣ್ಣಗಳನ್ನು ಹಂಚಿದವಳು ಬಣ್ಣದಕ್ಕನೇ.

ಹಳದಿಯನ್ನು ಮೀನುಗಾರರಿಗೆ ಕೊಟ್ಟದ್ದರಲ್ಲಿ ಸ್ವಲ್ಪ ಪಕ್ಷಪಾತವಿತ್ತು. ಯಾವ ಮೂಲೆಯಲ್ಲಿದ್ದರೂ ಎದ್ದು ಕಾಣುವ ಬಣ್ಣ ಅದು. ಅವಳು ಹುಟ್ಟಿ ಬೆಳೆದದ್ದು ಅದೇ ಬಂದರಿನ ದೋಣಿಯವರ ಕೇರಿಯಲ್ಲಿ. ಅಪ್ಪನಿಗೆ ಒಂದು ದೋಣಿ, ಅಪ್ಪನ ನಂತರ ಅದು ಅಣ್ಣನಿಗೆ. ಹುಡುಗಿಯಾಗಿದ್ದಾಗ ಅವಳು ಮೀನು ಡಬ್ಬಿ ಕಟ್ಟುವ ಕಾರ್ಖಾನೆಯಲ್ಲಿ ಪೆಟ್ಟಿಗೆಗಳ ಮೇಲೆ ಅಕ್ಷರ ಬರೆಯುತ್ತಿದ್ದಳು. ಅಕ್ಷರ ದುಂಡಗಿದ್ದದ್ದು ನೋಡಿ ಒಬ್ಬ ಮುದ್ರಣಾಲಯದವನು ಕರೆದ, ಮುದ್ರಣಾಲಯಕ್ಕೆ ಬಂದ ನಕ್ಷೆಯ ಅಧಿಕಾರಿಯೊಬ್ಬ ಅಲ್ಲಿಂದ ಎತ್ತಿಕೊಂಡು ಹೋದ. ಹಾಗೆ ಕೇರಿಯಿಂದ ಕಚೇರಿಗೆ ಬಂದವಳು. ದಾರಿ ಅರ್ಧ ಗಂಟೆಯ ನಡಿಗೆಯಷ್ಟೇ, ಆದರೆ ಕೇರಿಯವರ ಲೆಕ್ಕದಲ್ಲಿ ಅವಳು ಬೇರೆ ದೇಶಕ್ಕೆ ಹೋದ ಹಾಗೆಯೇ.

ಆ ಕೇರಿಯ ಒಂದು ಗುಣವನ್ನು ಇಲ್ಲಿ ಹೇಳದೆ ವಿಧಿಯಿಲ್ಲ. ಅಲ್ಲಿ ಯಾರೂ ತಾನು ಎಲ್ಲಿ ಮೀನು ಹಿಡಿಯುತ್ತೇನೆಂದು ಬಾಯಿ ಬಿಡುವುದಿಲ್ಲ. ಒಬ್ಬೊಬ್ಬರಿಗೂ ತಮ್ಮದೇ ಒಂದು ಜಾಗ, ಅಪ್ಪ ಮಗನಿಗೆ ಅದನ್ನು ನೀರಿನ ಮೇಲೆ ಮಾತ್ರ ಹೇಳಬೇಕು, ನೆಲದ ಮೇಲೆ ಹೇಳಬಾರದು. "ಎಲ್ಲಿ ಸಿಕ್ತು?" ಎಂದು ಕೇಳಿದರೆ "ನೀರಲ್ಲಿ" ಎನ್ನುತ್ತಾರೆ, ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಬೆಳಗ್ಗೆ ದೋಣಿ ಬಿಡುವಾಗ ಮೊದಲು ಬೇರೆ ದಿಕ್ಕಿಗೆ ಹೋಗಿ, ದಡ ಮರೆಯಾದ ಮೇಲೆ ತಿರುಗಿಸಿಕೊಳ್ಳುತ್ತಾರೆ. ಬೇರೆ ದೋಣಿ ಕಣ್ಣಿಗೆ ಬಿದ್ದರೆ ಬಲೆ ಎತ್ತಿ, ಇಂಜಿನ್ ಕೆಟ್ಟವರ ಹಾಗೆ ಅದನ್ನು ಬಿಚ್ಚಿಕೊಂಡು ಕೂರುತ್ತಾರೆ. ಈಗೀಗ ದಾರಿ ತೋರಿಸುವ ಯಂತ್ರ ದೋಣಿಯಲ್ಲೇ ಇದೆ, ದಡಕ್ಕೆ ಬರುವ ಮುನ್ನ ಅದರ ನೆನಪನ್ನೂ ಅಳಿಸಿ ಬರುತ್ತಾರೆ. ಹೆಂಡತಿಗೂ ಹೇಳುವುದಿಲ್ಲ. ಮಗಳಿಗಂತೂ ಇಲ್ಲವೇ ಇಲ್ಲ, ನಾಳೆ ಇನ್ನೊಬ್ಬರ ಮನೆ ಸೇರುವವಳು. ಬಣ್ಣದಕ್ಕ ಚಿಕ್ಕವಳಿದ್ದಾಗ ಹಟ ಹಿಡಿದು ಒಮ್ಮೆ ದೋಣಿ ಹತ್ತಿದ್ದಳು. ಜಾಗ ಹತ್ತಿರ ಬರುತ್ತಲೇ ಅಪ್ಪ ಅವಳ ತಲೆಯ ಮೇಲೆ ಗೋಣಿಚೀಲ ಹಾಕಿ, "ಬಿಸಿಲು ಜಾಸ್ತಿ" ಎಂದಿದ್ದ. ಅವತ್ತು ಮೋಡ ಕವಿದಿತ್ತು.

ಅವಳ ಅಣ್ಣನಿಗೆ ಕೇರಿಯಲ್ಲಿ ಬಾಯಿಬೀಗ ಎಂದೇ ಹೆಸರು. ಮೀನಿನ ಜಾಗ ಹಾಗಿರಲಿ, ಊಟ ಆಯಿತೇ ಎಂದು ಕೇಳಿದರೂ ಒಂದು ಕ್ಷಣ ಯೋಚಿಸಿ ಉತ್ತರ ಕೊಡುವ ಪೈಕಿ. ಅವನಿಗೆ ತದ್ವಿರುದ್ಧ ಪಕ್ಕದ ದೋಣಿಯ ಮುದುಕ, ರೇಡಿಯೋ. ಕಣ್ಣು ಬಿಟ್ಟಾಗಿನಿಂದ ಮುಚ್ಚುವವರೆಗೆ ಮಾತು. ಊರಿನ ಸಮಸ್ತ ಸುದ್ದಿಯೂ ಅವನ ಬಾಯಲ್ಲಿ ಹರಿಯುತ್ತದೆ, ಆದರೆ ಅಷ್ಟು ಮಾತಿನ ನಡುವೆ ತಾನು ಎಲ್ಲಿ ಬಲೆ ಹಾಕುತ್ತೇನೆಂದು ಒಂದು ದಿನವೂ ಬಾಯಿ ಜಾರಿದವನಲ್ಲ. ಯಾವ ಬೀಗ ಗಟ್ಟಿ ಎಂದು ನೀವೇ ಹೇಳಿ.

ಇಂಥವರನ್ನು ಕೂರಿಸಿಕೊಂಡು, ನೀವು ಮೀನು ಹಿಡಿಯುವುದು ಎಲ್ಲಿ, ದಯವಿಟ್ಟು ನಕ್ಷೆಯ ಮೇಲೆ ಗುರುತು ಹಾಕಿ ಎಂದು ಕೇಳಲು ಹೊರಟಿತ್ತು ಕಚೇರಿ.

ಕೇಳಲು ಬಂದವಳು ನಿರ್ದೇಶಕಿ. ಈ ಕಾರ್ಯನೀತಿಯ ಹೊಣೆಯೆಲ್ಲ ಅವಳದೇ. ಒಳನಾಡಿನಲ್ಲಿ ಹುಟ್ಟಿ ಸಮುದ್ರವನ್ನು ಓದಿ ಕಲಿತವಳು, ಮಂಡಿನೋವಿನ ಹೆಂಗಸು, ಯಾರ ಮಾತನ್ನೂ ಅರ್ಧಕ್ಕೆ ತಡೆಯುವವಳಲ್ಲ. ಬಂದರಿನ ಹರಾಜು ಕಟ್ಟೆಯ ಮೇಲಿನ ಸಭಾಂಗಣದಲ್ಲಿ, ಮೀನು ಮತ್ತು ಫಿನಾಯಿಲ್ ಎರಡೂ ವಾಸನೆ ಜಗಳವಾಡುವ ಜಾಗದಲ್ಲಿ, ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಎಲ್ಲರ ನಡುವೆ ಕೂತು ಹೇಳಿದಳು: "ನೀವು ಹೇಳಿದ್ರೆ ಆ ಜಾಗ ನಿಮ್ಗೇ ಇರ್ಲಿ ಅಂತ ಬರೀಬಹುದು. ಹೇಳ್ದೇ ಇದ್ರೆ ಖಾಲಿ ಅಂತ ಆಗತ್ತೆ. ಖಾಲಿ ಜಾಗಾನ ಬೇರೆಯವ್ರು ಕೇಳ್ತಾರೆ."

ಎಲ್ಲರೂ ತಲೆಯಾಡಿಸಿದರು. ಸಾಲಾಗಿ ಬಂದು ಮೇಜಿನ ಮುಂದೆ ನಿಂತರು. ಬಣ್ಣದಕ್ಕ ಒಬ್ಬೊಬ್ಬರಿಗೂ ಹಳದಿ ಪೆನ್ಸಿಲ್ ಕೊಟ್ಟಳು. ಮೊದಲನೆಯವನು ಗುರುತು ಹಾಕಿದ್ದು ದಕ್ಷಿಣದ ಕೆಸರುಪಟ್ಟಿಯ ಮೇಲೆ. ಎರಡನೆಯವನೂ ಅಲ್ಲೇ. ಮೂರನೆಯವನು ಬಹಳ ಯೋಚಿಸಿದವನಂತೆ ಗಲ್ಲ ಕೆರೆದುಕೊಂಡು, ಅಲ್ಲೇ. ಕೆಸರುಪಟ್ಟಿಯಲ್ಲಿ ಬಲೆ ಹಾಕಿದರೆ ಲೋಳೆ ಬಿಟ್ಟು ಬೇರೇನೂ ಬರುವುದಿಲ್ಲವೆಂದು ಆ ಕೇರಿಯಲ್ಲಿ ನಡೆಯಲು ಕಲಿತ ಮಗುವಿಗೂ ಗೊತ್ತು. ರೇಡಿಯೋ ಅಂತೂ ಅಲ್ಲಿ ಸಿಗುವ ಮೀನಿನ ಗಾತ್ರವನ್ನು ಎರಡೂ ಕೈ ಅಗಲಿಸಿ ತೋರಿಸಿ, ದೊಡ್ಡದೊಂದು ಸುತ್ತು ಎಳೆದು, ಪೆನ್ಸಿಲಿನ ಮೊನೆ ಮುರಿದ. ಪ್ರತಿಯೊಬ್ಬನೂ ಉಳಿದವರಿಗೆ ಟೋಪಿ ಹಾಕಿದೆನೆಂದು ಒಳಗೊಳಗೇ ಖುಷಿಪಡುತ್ತ ಹೊರಗೆ ನಡೆದ. ಬಣ್ಣದಕ್ಕ ನಗು ತಡೆಯಲು ತುಟಿ ಕಚ್ಚಿಕೊಂಡು ಕೂತಿದ್ದಳು. ಅಣ್ಣನ ಸರದಿ ಬಂದಾಗ ಅವನು ಅವಳ ಮುಖ ನೋಡಲಿಲ್ಲ. ಅವನೂ ಕೆಸರಿನ ಮೇಲೆಯೇ ಒಂದು ಚುಕ್ಕೆ ಇಟ್ಟು ಹೋದ.

ಅವತ್ತು ಸುಮ್ಮನಿದ್ದದ್ದು ತಪ್ಪೆಂದು ಅವಳಿಗೆ ಅನ್ನಿಸಲಿಲ್ಲ. ಕಾಗದ ತಾನೇ, ಆಮೇಲೆ ಸರಿ ಮಾಡಿದರಾಯಿತು ಎಂದುಕೊಂಡಳು. ಸಂಜೆ ಗಂಡನಿಗೆ ಹೇಳಿ ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು.

ಕೆಲವು ವಾರ ಕಳೆದ ಮೇಲೆ ಕರಡು ನಕ್ಷೆ ತಯಾರಾಯಿತು. ಬೇರೆ ಬೇರೆ ಇಲಾಖೆಗಳ ಬೇಡಿಕೆಗಳೆಲ್ಲ ಬಂದು ಸೇರಿದ್ದವು. ದೇಶದ ಸಮುದ್ರದಲ್ಲೇ ಅತಿ ದಟ್ಟವಾದ ಹಳದಿ ಕೆಸರುಪಟ್ಟಿಯ ಮೇಲೆ ಬಿದ್ದಿತ್ತು. ಅದನ್ನು ಬಹಳ ಜತನದಿಂದ ಕಾಪಾಡಬೇಕೆಂದು ಅಡಿಟಿಪ್ಪಣಿಯೂ ಇತ್ತು. ಪಶ್ಚಿಮಕ್ಕೆ, ತಳದಲ್ಲಿ ಬಂಡೆಯಿರುವ ಕಡೆ, ಒಂದು ಚುಕ್ಕೆ ಹಳದಿಯೂ ಇಲ್ಲ. ಗಾಳಿಕಂಬದವರು ಕೇಳಿದ್ದೂ ಅಂಥದ್ದೇ ಗಟ್ಟಿ ತಳದ, ಯಾರಿಗೂ ಬೇಡದ ಜಾಗ. ನಿರ್ದೇಶಕಿ ಅಲ್ಲಿ ಕೆಂಪು ಪೆನ್ಸಿಲಿನಿಂದ ಚೌಕ ಎಳೆದು, "ಒಂದು ಕಡೆಯಾದ್ರೂ ಜಗಳ ಇಲ್ದೆ ಮುಗೀತು" ಎಂದು ನಿಟ್ಟುಸಿರು ಬಿಟ್ಟಳು.

ಬಣ್ಣದಕ್ಕ ಚೌಕದ ಮೇಲೆ ಬಗ್ಗಿದಳು. ಅಣ್ಣನ ಜಾಗ ಎಲ್ಲಿದೆಯೆಂದು ಅವಳಿಗೆ ಅವತ್ತಿಗೂ ಗೊತ್ತಿರಲಿಲ್ಲ. ಆದರೆ ಅವನೂ ಕೇರಿಯ ಉಳಿದವರೂ ತರುವ ಮೀನು ಬಂಡೆಯ ಸಂದಿಯಲ್ಲಿ ಬದುಕುವ ಮೀನು, ಸುತ್ತಮುತ್ತ ಬಂಡೆ ಇರುವುದು ಆ ಚೌಕದೊಳಗೆ ಮಾತ್ರ. ಕೇರಿಯ ಅಷ್ಟೂ ದೋಣಿಗಳ ಅನ್ನ ಆ ಕೆಂಪು ಗೆರೆಯೊಳಗೆ ಸಿಕ್ಕಿಕೊಂಡಿತ್ತು. ಕಂಬ ಎದ್ದ ಮೇಲೆ ಅಲ್ಲಿಗೆ ದೋಣಿ ಬಿಡುವುದಿಲ್ಲ, ಅಣ್ಣನಿಗೆ ಬೇರೆ ಕಸುಬು ಗೊತ್ತಿಲ್ಲ.

ಮಾರನೆಯ ದಿನ ಮಧ್ಯಾಹ್ನ ಅಣ್ಣನ ಮನೆಗೆ ಹೋದಳು. ಅಣ್ಣ ಹಿತ್ತಲಲ್ಲಿ ಬಲೆ ಹರವಿಕೊಂಡು ಕೂತಿದ್ದ, ಅತ್ತಿಗೆ ಇನ್ನೊಂದು ತುದಿಯಲ್ಲಿ ಹರಿದಲ್ಲಿ ಗಂಟು ಹಾಕುತ್ತಿದ್ದಳು. ಬಣ್ಣದಕ್ಕ ಕೆಂಪು ಚೌಕದ ವಿಷಯ ಹೇಳಿದಳು.

"ಕಾಗದದ ಮೇಲೆ ಏನ್ ಬೇಕಾದ್ರೂ ಬರೀತಾರೆ" ಎಂದ ಅಣ್ಣ.

"ಅಣ್ಣ, ಅದು ಮಂತ್ರಿಗಳ ಹತ್ರ ಹೋಗತ್ತೆ. ಒಂದ್ಸಲ ಮೊಹರು ಬಿದ್ರೆ ಮುಗೀತು. ಅಲ್ಲಿ ನಾವು ಮೀನು ಹಿಡಿಯೋದೇ ಇಲ್ಲ ಅಂತ ನೀವೇ ಗುರುತು ಹಾಕಿ ಕೊಟ್ಟಿದೀರ. ನಾಳೆ ಯಾವ ಬಾಯಲ್ಲಿ ಕೇಳ್ತೀರ?"

"ಹೇಳಿದ್ರೆ ಏನಾಗತ್ತೆ ಗೊತ್ತಾ? ಬೆಳಗಾಗೋದ್ರೊಳಗೆ ಎಲ್ಲ ದೋಣಿನೂ ನನ್ ತಲೆ ಮೇಲೆ ನಿಂತಿರತ್ತೆ. ಕಂಬದವರು ಬರೋಕೆ ಇನ್ನೂ ವರ್ಷಗಟ್ಟಲೆ ಬೇಕು. ಇವರಿಗೆ ಒಂದು ಬೆಳಗ್ಗೆ ಸಾಕು, ಬಳ್ಕೊಂಡು ಹೋಗ್ತಾರೆ."

"ನಂಗಾದ್ರೂ ಹೇಳು."

ಅಣ್ಣ ಬಲೆಯಿಂದ ಕಣ್ಣು ಎತ್ತಲಿಲ್ಲ. ಅತ್ತಿಗೆ ಬಾಯಿಂದ ದಾರ ಕಡಿದು, "ನಂಗೇ ಹೇಳಿಲ್ಲ ಮಾರಾಯ್ತಿ, ಮೂವತ್ತು ವರ್ಷ ಸಂಸಾರ ಮಾಡಿದೀನಿ. ನಿದ್ದೇಲಿ ಕನವರಿಸ್ತಾರೇನೋ ಅಂತ ಕಾದು ನೋಡಿದೆ. ನಿದ್ದೇಲೂ ನೀರಲ್ಲಿ ಅಂತಾರೆ" ಎಂದಳು. ಬಣ್ಣದಕ್ಕನಿಗೆ ನಗು ಬಂತು, ಆದರೆ ನಗಲಾಗಲಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು, "ನಾನು ಮೇಡಂಗೆ ಹೇಳ್ತೀನಿ, ಆ ಹಳದಿ ಎಲ್ಲ ಸುಳ್ಳು ಅಂತ" ಎಂದಳು.

"ಹೇಳು. ಕೊನೆಗೂ ಕಚೇರಿಯವಳೇ ಆದೆ ಅಂದ್ಕೊಳ್ತೀನಿ." ಅಣ್ಣನ ಧ್ವನಿ ಏರಲಿಲ್ಲ. ಅದರಿಂದಲೇ ಅವಳಿಗೆ ಹೆಚ್ಚು ನೋವಾಯಿತು.

ಎರಡು ದಿನ ಅವಳಿಗೆ ಊಟ ರುಚಿಸಲಿಲ್ಲ. ಹೇಳಿದರೆ ಕೇರಿಯವರನ್ನು ಸುಳ್ಳುಗಾರರೆಂದು ತಾನೇ ಹಿಡಿದುಕೊಟ್ಟ ಹಾಗೆ, ತವರಿನ ಬಾಗಿಲು ಮುಚ್ಚಿದ ಹಾಗೆ. ಹೇಳದಿದ್ದರೆ ತನ್ನ ಕೈಯಾರೆ ಅಣ್ಣನ ನೀರಿಗೆ ಕೆಂಪು ಬಳಿದ ಹಾಗೆ. ಅಡಕತ್ತರಿಯಲ್ಲಿ ಸಿಕ್ಕವಳಂತೆ ಒದ್ದಾಡಿದಳು. ಗಂಡ ಮೀಟರ್ ಓದಿ ಓದಿ ಬೆಳೆಸಿಕೊಂಡ ವಿವೇಕದಲ್ಲಿ, "ಅಣ್ಣ ಮುನಿಸ್ಕೊಂಡ್ರೆ ಇವತ್ತಲ್ಲ ನಾಳೆ ಸರಿ ಹೋಗ್ತಾನೆ. ನೀರು ಹೋದ್ರೆ ವಾಪಸ್ ಬರಲ್ಲ" ಎಂದ. ಅವನು ಅಷ್ಟು ಉದ್ದ ಮಾತಾಡಿದ್ದನ್ನು ಕೇಳಿ ಅವಳಿಗೂ ಆಶ್ಚರ್ಯವಾಯಿತು.

ನಿರ್ದೇಶಕಿಗೆ ಎಲ್ಲ ಹೇಳಿದಳು. ಕೆಸರುಪಟ್ಟಿ, ಜಾಗ ಬಚ್ಚಿಡುವ ಕೇರಿಯ ರೂಢಿ, ತಾನು ಅವತ್ತು ತುಟಿ ಕಚ್ಚಿಕೊಂಡು ಕೂತದ್ದು, ಎಲ್ಲವನ್ನೂ. ನಿರ್ದೇಶಕಿ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡಳು. ಬೈಯಬಹುದೆಂದು ಬಣ್ಣದಕ್ಕ ಕಾದಳು.

"ಅಷ್ಟೂ ಜನ?"

"ಅಷ್ಟೂ ಜನ."

"ನಾನು ಆ ಕೆಸರಿನ ಮೇಲೆ ಅಡಿಟಿಪ್ಪಣಿ ಬೇರೆ ಬರ್ದಿದೀನಲ್ಲಮ್ಮ" ಎಂದು ನಿರ್ದೇಶಕಿ ಸಣ್ಣಗೆ ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಆದ್ರೆ ನೀವು ಹೇಳಿದ್ದನ್ನ ನಾನು ನಕ್ಷೇಲಿ ಹಾಕೋಕಾಗಲ್ಲ ಅಕ್ಕ. ಅಲ್ಲಿ ದೋಣಿ ಓಡ್ಸೋರು ಹೇಳ್ಬೇಕು. ಕರಡನ್ನ ಊರಿಗೆ ತೋರಿಸ್ಲೇಬೇಕು ಅಂತ ನಿಯಮ ಇದೆ. ಮುಂದಿನ ವಾರ ತೋರ್ಸೋಣ. ಅವತ್ತು ಯಾರೂ ಬಾಯಿ ಬಿಡ್ಲಿಲ್ಲ ಅಂದ್ರೆ ನನ್ನ ಕೈಲಿ ಏನೂ ಉಳಿಯಲ್ಲ" ಎಂದಳು.

ಮತ್ತೆ ಅದೇ ಸಭಾಂಗಣ, ಅದೇ ಕುರ್ಚಿಗಳು. ಗೋಡೆಯ ಮೇಲೆ ನಕ್ಷೆ ತೂಗುಹಾಕಿದ್ದರು. ದೋಣಿಯವರು ಒಳಗೆ ಬಂದು, ನಕ್ಷೆ ನೋಡಿ, ಕೆಂಪು ಚೌಕದ ಮುಂದೆ ಒಂದು ಗಳಿಗೆ ನಿಂತು, ಏನೂ ಕಾಣದವರಂತೆ ಹೋಗಿ ಕೂತರು. ಯಾರ ಮುಖದಲ್ಲೂ ರಕ್ತವಿರಲಿಲ್ಲ. ಅವರ ಕಷ್ಟ ಏನೆಂದು ನಿಮಗೆ ಅರ್ಥವಾಗಿರಬೇಕು. ಕಂಬ ಬೇಡ ಎಂದು ಎದ್ದು ನಿಂತವನು ಯಾಕೆ ಬೇಡವೆಂದು ಹೇಳಬೇಕು. ಯಾಕೆಂದು ಹೇಳಿದರೆ ತನ್ನ ಜಾಗ ಅಲ್ಲಿದೆಯೆಂದು ಒಪ್ಪಿಕೊಂಡಂತೆ. ಹಾಗಾಗಿ ರೇಡಿಯೋ ಎದ್ದು ನಿಂತು ಹಕ್ಕಿಗಳ ಬಗ್ಗೆ ಮಾತಾಡಿದ. ಕಂಬದ ಸದ್ದಿಗೆ ಹಕ್ಕಿಗಳು ಹೆದರುತ್ತವೆ, ತನಗೆ ಚಿಕ್ಕಂದಿನಿಂದ ಹಕ್ಕಿ ಎಂದರೆ ಪ್ರಾಣ ಎಂದ. ಅವನು ಹಕ್ಕಿಗಳಿಗೆ ಕಲ್ಲು ಹೊಡೆಯುವುದನ್ನು ಬಿಟ್ಟು ಬೇರೇನೂ ಮಾಡಿದ್ದನ್ನು ಕೇರಿ ನೋಡಿರಲಿಲ್ಲ. ಇನ್ನೊಬ್ಬ ಸೂರ್ಯಾಸ್ತ ಚೆನ್ನಾಗಿ ಕಾಣುವುದಿಲ್ಲ ಎಂದ. ನಿರ್ದೇಶಕಿ ಎಲ್ಲವನ್ನೂ ಬರೆದುಕೊಂಡಳು.

"ಇನ್ನೊಂದೇ ಪ್ರಶ್ನೆ" ಎಂದಳು ಕೊನೆಗೆ. "ಈ ಕೆಂಪು ಚೌಕದ ಒಳಗೆ ಯಾರಾದ್ರೂ ಮೀನು ಹಿಡೀತೀರಾ?"

ಕುರ್ಚಿಯೊಂದು ಕಿರುಗುಟ್ಟಿತು. ನಿರ್ದೇಶಕಿ ಕಾದಳು, ಮತ್ತೆ ಕಾದಳು, ಆಮೇಲೆ ನಿಧಾನವಾಗಿ ಪೆನ್ನಿನ ಮುಚ್ಚಳ ಹಾಕಿದಳು.

ಆಗ ಬಣ್ಣದಕ್ಕ ಎದ್ದಳು. ಹಳದಿ ಪೆನ್ಸಿಲ್ ಹಿಡಿದು ನಕ್ಷೆಯ ಪಕ್ಕ ಹೋಗಿ ನಿಂತಳು.

"ಅವತ್ತು ನೀವು ಹಾಕಿದ ಗುರುತೆಲ್ಲ ಸುಳ್ಳು ಅಂತ ಮೇಡಂಗೆ ಹೇಳಿದ್ದು ನಾನೇ" ಎಂದಳು. "ಬೈಯೋದಿದ್ರೆ ನನ್ನನ್ನ ಬೈಯಿರಿ. ನಿಮ್ಮ ಗುಟ್ಟು ಏನು ಅಂತ ನಾನು ಹೇಳಿಲ್ಲ, ಯಾಕಂದ್ರೆ ನಂಗೆ ಗೊತ್ತಿಲ್ಲ. ನಮ್ಮಪ್ಪ ನನ್ ತಲೆ ಮೇಲೆ ಚೀಲ ಹಾಕಿ ಕರ್ಕೊಂಡು ಹೋಗಿದ್ರು. ಇವತ್ತು ನೀವು ಹೇಳ್ಲಿಲ್ಲ ಅಂದ್ರೆ ನಾಳೆ ಈ ಕೆಂಪು ಬಣ್ಣ ತುಂಬೋಳೂ ನಾನೇ. ನನ್ ಕೈಲಿ ಆ ಕೆಲಸ ಮಾಡಿಸ್ಬೇಡಿ."

"ಮನೆಮುರುಕಿ" ಎಂದಿತು ಒಂದು ದನಿ. ರೇಡಿಯೋನದೇ. "ನಮ್ಮ ಅನ್ನ ತಿಂದು ಬೆಳೆದೋಳು, ನಮ್ಮನ್ನೇ ಹಿಡಿದುಕೊಟ್ಟಳಲ್ಲ. ಇವಳ ಮಾತು ಯಾರು ನಂಬ್ತಾರೆ, ಇವಳೇ ಸುಳ್ಳು ಹೇಳ್ತಿದಾಳೆ."

ಹಿಂದಿನ ಸಾಲಿನಲ್ಲಿ ಅಣ್ಣ ಎದ್ದು ನಿಂತ. ಜಗಳಕ್ಕೆ ಹೋಗುತ್ತಾನೆಂದು ಅತ್ತಿಗೆ ಅವನ ಅಂಗಿ ಹಿಡಿದು ಎಳೆದಳು. ಅವನು ರೇಡಿಯೋನ ಕಡೆ ತಿರುಗಿಯೂ ನೋಡಲಿಲ್ಲ. ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದು ತಂಗಿಯ ಕೈಯಿಂದ ಪೆನ್ಸಿಲ್ ತೆಗೆದುಕೊಂಡ. ಬಂದರಿನ ಬಾಯಿಯಿಂದ ಬೆರಳು ಸರಿಸುತ್ತ ಸರಿಸುತ್ತ ಪಶ್ಚಿಮಕ್ಕೆ ಹೋಗಿ, ಕೆಂಪು ಗೆರೆ ದಾಟಿ, ಒಂದು ಕಡೆ ನಿಲ್ಲಿಸಿ, ಅವರೆಕಾಳಿನಷ್ಟು ದೊಡ್ಡ ಸುತ್ತು ಎಳೆದ.

"ಇಲ್ಲಿ" ಎಂದ. "ನಮ್ಮಪ್ಪನೂ ಇಲ್ಲೇ, ನಾನೂ ಇಲ್ಲೇ. ಅವತ್ತು ಹಾಕಿದ್ದು ಸುಳ್ಳು. ನನ್ ತಂಗಿ ಹೇಳಿದ್ದು ನಿಜ." ಅಷ್ಟು ಹೇಳುವಷ್ಟರಲ್ಲಿ ಹಣೆಯಿಂದ ಬೆವರು ಇಳಿಯುತ್ತಿತ್ತು. ಮೈಮೇಲಿನ ಬಟ್ಟೆ ಕಳೆದುಕೊಂಡವನ ಹಾಗೆ ತಲೆ ತಗ್ಗಿಸಿ ಅಲ್ಲೇ ನಿಂತ.

ಬಣ್ಣದಕ್ಕ ಆ ಹಳದಿ ಸುತ್ತನ್ನು ನೋಡಿದಳು. ಇಷ್ಟೇನಾ ಅನ್ನಿಸಿತು. ಅಪ್ಪ ಇದ್ದಷ್ಟು ದಿನವೂ ತನಗೆ ತೋರಿಸದ ಜಾಗ ಅದು. ಅದನ್ನು ನೋಡಿದ ಖುಷಿ, ಇಷ್ಟು ತಡವಾಗಿ, ಎಲ್ಲರ ಜೊತೆ ನೋಡಬೇಕಾಯಿತಲ್ಲ ಎಂಬ ಸಂಕಟ, ಎರಡೂ ಒಟ್ಟಿಗೆ ಬಂದವು. ಎಲ್ಲಕ್ಕಿಂತ ಹೆಚ್ಚು ಭಯವಾಯಿತು. ಅವಳನ್ನು ಉಳಿಸಲು ಅಣ್ಣ ತನ್ನ ಅನ್ನವನ್ನು ಎಲ್ಲರ ಮುಂದೆ ಹರವಿಟ್ಟಿದ್ದ.

ರೇಡಿಯೋ ಬಾಯಿ ತೆರೆದವನು ಹಾಗೆಯೇ ಮುಚ್ಚಿಕೊಂಡ. ಅವನು ಮಾತು ಹುಡುಕಿದ್ದನ್ನು ಜನ ನೋಡಿದ್ದು ಅವತ್ತೇ ಮೊದಲು. ಕೊನೆಗೆ ಮೊಣಕಾಲು ಹಿಡಿದುಕೊಂಡು ಎದ್ದು, "ಬಾಯಿಬೀಗನೇ ಬಾಯಿ ಬಿಟ್ಟ ಮೇಲೆ ನಂದೇನು ದೊಡ್ಡ ತಿಜೋರಿ. ಕೊಡು ಇಲ್ಲಿ ಪೆನ್ಸಿಲ್ಲು" ಎಂದು ಬಂದ. ಅವನ ಹಿಂದೆ ಇನ್ನೊಬ್ಬ. ಆಮೇಲೆ ಕುರ್ಚಿಗಳು ಖಾಲಿಯಾಗತೊಡಗಿದವು. ಬಣ್ಣದಕ್ಕ ಸವೆದ ಪೆನ್ಸಿಲನ್ನು ಬ್ಲೇಡಿನಿಂದ ಹೆರೆದು ಹೆರೆದು ಕೊಟ್ಟಳು. ಸಂಜೆಯ ಹೊತ್ತಿಗೆ ಕೆಂಪು ಚೌಕದ ತುಂಬ ಹಳದಿ ಕಾಳುಗಳು ಚೆಲ್ಲಿದ್ದವು.

ನಿರ್ದೇಶಕಿ ಮಾತಿಗೆ ತಪ್ಪಲಿಲ್ಲ. ನಾಲ್ಕಾರು ಸಲ ರಾಜಧಾನಿಗೆ ಹೋಗಿ ಬಂದಳು, ಗಾಳಿಕಂಬದವರ ಹತ್ತಿರ ವಾದ ಮಾಡಿದಳು. ಚೌಕದ ಬಹುಪಾಲು ಇನ್ನೂ ಆಚೆಗೆ ಸರಿಯಿತು, ಒಂದು ಅಂಚು ಉಳಿಯಿತು, ಇಬ್ಬರು ದೋಣಿಯವರು ಸ್ವಲ್ಪ ಸ್ವಲ್ಪ ಕಳೆದುಕೊಂಡರು. ಎಲ್ಲರಿಗೂ ಎ‌ಲ್ಲವೂ ಸಿಗಲಿಲ್ಲ, ಕಾರ್ಯನೀತಿಯಲ್ಲಿ ಅಂಥದ್ದು ಸಿಗುವುದೂ ಇಲ್ಲ. ಅಣ್ಣನ ಸುತ್ತು ಮಾತ್ರ ಪೂರ್ತಿ ಉಳಿಯಿತು.

ಆದರೆ ಅದೆಲ್ಲ ಆಮೇಲಿನ ಮಾತು. ಸಭೆಯಾದ ಮಾರನೆಯ ಬೆಳಗ್ಗೆ ಬಣ್ಣದಕ್ಕ ಕಚೇರಿಗೆ ರಜೆ ಹಾಕಿ ಮನೆಯಲ್ಲೇ ಕೂತಿದ್ದಳು. ಹವೆ ಚೆನ್ನಾಗಿತ್ತು, ಎಲ್ಲ ದೋಣಿಗಳೂ ಹೊರಟಿರುತ್ತವೆ. ಅಣ್ಣನ ಜಾಗ ಈಗ ಎಲ್ಲರಿಗೂ ಗೊತ್ತು. ಅವನು ಹೋಗಿ ನೋಡುವಷ್ಟರಲ್ಲಿ ಅಲ್ಲಿ ಜಾತ್ರೆ ನೆರೆದಿರುತ್ತದೆ, ಇದಕ್ಕೆಲ್ಲ ನಾನೇ ಕಾರಣ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಅಣ್ಣ ನಿಂತಿದ್ದ, ದೋಣಿಯಿಂದ ನೇರ ಬಂದವನಂತೆ ಬೂಟಿನಲ್ಲಿ ಇನ್ನೂ ನೀರಿತ್ತು. ಅವನು ಅವಳ ಮನೆಗೆ ಬರುವುದೇ ಅಪರೂಪ. ಗಂಡ ಚಹಾ ಇಡುತ್ತೇನೆಂದು ಒಳಗೆ ಸರಿದ. ಅಣ್ಣ ಕುರ್ಚಿಯ ತುದಿಯಲ್ಲಿ ಕೂತ.

"ಎಷ್ಟು ದೋಣಿ ಬಂದಿದ್ವು?" ಎಂದು ಅವಳೇ ಕೇಳಿದಳು.

"ಒಂದೂ ಇಲ್ಲ."

"ಒಂದೂ?"

"ರೇಡಿಯೋ ಕಾಣಿಸ್ದ. ಅವನ ಜಾಗಕ್ಕೆ ನನ್ ಜಾಗದ ಮೇಲೇ ನೇರ ದಾರಿ. ದಿನಾ ಹಾಗೇ ಹೋಗ್ತಿದ್ದ, ನಾನು ಇಂಜಿನ್ ಬಿಚ್ಕೊಂಡು ಕೂರ್ತಿದ್ದೆ. ಇವತ್ತು ನೋಡಿದ್ರೆ ದೂರದಿಂದ್ಲೇ ತಿರುಗಿಸ್ಕೊಂಡು, ಇಷ್ಟು ದೊಡ್ಡ ಸುತ್ತು ಹೊಡೆದು ಹೋದ. ಡೀಸೆಲ್ ಸುಟ್ಕೊಂಡು. ಹೋಗ್ತಾ ಕೈ ಎತ್ತಿದ."

"ನೀನು?"

"ನಾನೂ ಎತ್ತಿದೆ."

"ಅವರ ಜಾಗಗಳೂ ನಿಂಗೆ ಗೊತ್ತಾಯ್ತಲ್ಲ. ಹೋಗಿ ನೋಡೋಣ ಅನ್ನಿಸ್ಲಿಲ್ವಾ?"

"ನಂಗೇನು ಮಾನ ಮರ್ಯಾದೆ ಇಲ್ವಾ?" ಎಂದ ಅಣ್ಣ. ಅವಳು ನಕ್ಕಳು, ಅವನೂ ನಗಲು ಹೋದ. ನಗು ಅರ್ಧಕ್ಕೇ ನಿಂತಿತು.

"ಅಪ್ಪ ಯಾರ ಜೊತೆಗಾದ್ರೂ ಕೂತು ಒಂದು ಲೋಟ ಚಹಾ ಕುಡಿದಿದ್ದು ನೋಡಿದೀಯಾ ನೀನು?" ಎಂದು ಕೇಳಿದ.

ಬಣ್ಣದಕ್ಕ ಯೋಚಿಸಿದಳು. ನೋಡಿರಲಿಲ್ಲ.

"ಮಾತಾಡ್ತಾ ಕೂತ್ರೆ ಬಾಯಿ ಜಾರತ್ತೆ ಅಂತ. ಕಾಯಿಲೆ ಬಿದ್ದು ಮಲಗಿದಾಗ ಕೇರಿಯವರು ನೋಡೋಕೆ ಬಂದ್ರೆ ನಿದ್ದೆ ಬಂದವರ ಹಾಗೆ ಕಣ್ ಮುಚ್ಕೊಳ್ತಿದ್ರು. ನಂಗೂ ಅದನ್ನೇ ಕಲಿಸಿದ್ರು, ನಾನೂ ಹಾಗೇ ಇದ್ದೆ. ಇಷ್ಟು ವರ್ಷ." ಅಣ್ಣನ ಧ್ವನಿ ಒಡೆಯಿತು. "ಯಾರೂ ಬರ್ತಿರ್ಲಿಲ್ಲ ಕಣೇ. ಹೇಳಿದ್ರೂ ಯಾರೂ ನಮ್ ಜಾಗಕ್ಕೆ ಬರ್ತಿರ್ಲಿಲ್ಲ."

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಅಪ್ಪ ಸತ್ತಾಗಲೂ ಅಣ್ಣ ಅತ್ತದ್ದನ್ನು ಅವಳು ನೋಡಿರಲಿಲ್ಲ. ಬಣ್ಣದಕ್ಕ ತನ್ನ ಕುರ್ಚಿಯನ್ನು ಎಳೆದುಕೊಂಡು ಅವನ ಪಕ್ಕದಲ್ಲಿ ಕೂತಳು.